ಅಳತೆಯ ಓಣಿ

ನನ್ನ ವಾರಗಿತ್ತಿಗೆ ಈ ಕೆಲಸ ಕೊಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವಳೊಬ್ಬಳನ್ನು ಬಿಟ್ಟು ಯಾರೂ ಇದನ್ನು ನೆನಪಿಟ್ಟುಕೊಳ್ಳಲಿಲ್ಲ. ಮಕ್ಕಳ ಕೇಂದ್ರದಲ್ಲಿ ನಾನು ಇಪ್ಪತ್ತು ವರ್ಷ ಕಾರ್ಯಕರ್ತೆಯಾಗಿದ್ದೆ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಹೋಗಿ ತೂಕ ನೋಡುವುದು, ಎತ್ತರ ಅಳೆಯುವುದು, ತೋಳಿಗೆ ಟೇಪು ಸುತ್ತಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಓಣಿಯ ಹೆಂಗಸರು ನನ್ನನ್ನು ಟೇಪಕ್ಕ ಎಂದೇ ಕರೆಯುತ್ತಾರೆ. ಕೇಂದ್ರದಲ್ಲಿ ಒಂದು ತಾತ್ಕಾಲಿಕ ಜಾಗ ಖಾಲಿಯಾದಾಗ, ಮೈದುನನ ಹೆಂಡತಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ ಎಂದು ಮೇಲ್ವಿಚಾರಕಿಯ ಹತ್ತಿರ ಎರಡು ಸಲ ಹೋಗಿ ಹೇಳಿದೆ. ಅವಳಿಗೆ ಟೇಪು ಹಿಡಿಯುವುದನ್ನು ಕಲಿಸಿದೆ. ಕೈಕಾಲು ಬಡಿಯುವ ಮಗುವನ್ನು ತಕ್ಕಡಿಯಲ್ಲಿ ಕೂರಿಸುವುದು ಹೇಗೆಂದು ತೋರಿಸಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಜಾತಿಯವಳಾಗಿದ್ದರೆ ಒಳ್ಳೆಯದಿತ್ತು, ದ್ವೇಷಿಸುವುದು ಸುಲಭವಾಗುತ್ತಿತ್ತು. ಆದರೆ ಅವಳು ಕಂಡಕಂಡವರೆದುರು "ನಮ್ಮಕ್ಕನೇ ಕಲಿಸಿದ್ದು" ಎನ್ನುತ್ತಾಳೆ. ಆ ಒಳ್ಳೆಯತನವೇ ನನ್ನ ಹೊಟ್ಟೆಗೆ ಬೆಂಕಿ.

ಎರಡೂವರೆ ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಒಬ್ಬ ಸಂಶೋಧಕಿ ಬಂದರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಹೆಂಗಸು. ಅವರು ಹೇಳಿದ್ದು ಇಷ್ಟು: ಮೊದಲ ಕೆಲವು ವರ್ಷ ಮಗುವಿನ ಹೊಟ್ಟೆಗೆ ಹಾಕಿದರಷ್ಟೇ ಸಾಲದು, ಅದರ ಜೊತೆ ಮಾತಾಡಬೇಕು, ಆಡಬೇಕು. ವಾರಕ್ಕೊಂದು ಗಂಟೆ ಕಾರ್ಯಕರ್ತೆ ಮನೆಗೆ ಹೋಗಿ, ತಾಯಿಯ ಪಕ್ಕ ಕೂತು, ಆಡಿಸುವುದು ಹೇಗೆಂದು ತೋರಿಸಿಕೊಟ್ಟರೆ ಮಗುವಿನ ಮಾತು, ಬುದ್ಧಿ ಎಷ್ಟು ಬೆಳೆಯುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಬೆಳೆಯುತ್ತದೆ ಎಂದು ಅಂಕಿಯಲ್ಲಿ ತೋರಿಸಿದರೆ ಇಲಾಖೆ ಆ ಯೋಜನೆಯನ್ನು ಎಲ್ಲ ಓಣಿಗಳಿಗೂ ಕೊಡುತ್ತದೆ. ತೋರಿಸದಿದ್ದರೆ ಮುಚ್ಚಿಬಿಡುತ್ತದೆ.

ನಾವು ಆರು ಜನ ಕಾರ್ಯಕರ್ತೆಯರು, ಒಬ್ಬೊಬ್ಬರಿಗೆ ಒಂದು ಓಣಿ, ಓಣಿಗೆ ನಲವತ್ತರ ಸುಮಾರು ಮಕ್ಕಳು. ಮೂರು ಓಣಿಗೆ ಆಟ, ಇನ್ನು ಮೂರಕ್ಕೆ ಎಂದಿನಂತೆ ಬರೀ ಅಳತೆ. ಎರಡು ವರ್ಷವಾದ ಮೇಲೆ ಎರಡನ್ನೂ ಹೋಲಿಸಿ ನೋಡುವುದು. ಯಾವ ಓಣಿಗೆ ಯಾವುದು ಎಂದು ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದರು. ವಾರಗಿತ್ತಿಗೆ ಆಟ ಬಂತು. ನನಗೆ ಅಳತೆ.

ನಾನು ಎದ್ದು ನಿಂತೇ ಕೇಳಿದೆ. "ಮೇಡಂ, ನನಗೆ ಹದಿನೆಂಟು ವರ್ಷ ಅನುಭವ. ಅವಳಿಗೆ ಹದಿನೆಂಟು ತಿಂಗಳೂ ಆಗಿಲ್ಲ."

"ಅದಕ್ಕೇ ಅಲ್ವಾ ಚೀಟಿ," ಎಂದರು ಮೇಡಂ. "ಅನುಭವ ನೋಡಿ ಕೊಟ್ರೆ, ಮಕ್ಕಳು ಬೆಳೆದದ್ದು ಆಟದಿಂದಾನೋ ಅನುಭವದಿಂದಾನೋ ಹೇಗೆ ಗೊತ್ತಾಗುತ್ತೆ?"

ಅಳತೆಯವರಿಂದ ಒಂದು ಮುಚ್ಚಳಿಕೆ ಬರೆಸಿಕೊಂಡರು. ಆಟದ ಪಾಠಗಳನ್ನು ಕೇಳುವುದಿಲ್ಲ, ನಮ್ಮ ಓಣಿಯಲ್ಲಿ ಆಡಿಸುವುದಿಲ್ಲ, ತಪ್ಪಿದರೆ ಕೆಲಸದಿಂದ ತೆಗೆಯಬಹುದು. ಸಹಿ ಹಾಕಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ನನ್ನ ಓಣಿಯ ಮಕ್ಕಳದು ಅದರ ತಿರುವುಮುರುವು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಆಟದವರಿಗೆ ಒಂದೊಂದು ಹಳದಿ ಚೀಲ ಕೊಟ್ಟರು. ಅದರಲ್ಲಿ ಮರದ ಬಿಲ್ಲೆ, ಗಿಲಕಿ, ಬಟ್ಟೆಯಲ್ಲಿ ಹೊಲಿದ ಪುಸ್ತಕ, ಒಡೆಯದ ಕನ್ನಡಿ. ನನ್ನ ಚೀಲದಲ್ಲಿ ತಕ್ಕಡಿ. ವಾರಗಿತ್ತಿಯ ಓಣಿಯೂ ನನ್ನ ಓಣಿಯೂ ಒಂದೇ ತಿರುವಿನಲ್ಲಿ ಕವಲೊಡೆಯುತ್ತವೆ. ದಿನಾ ಬೆಳಿಗ್ಗೆ ಅಲ್ಲಿಯವರೆಗೆ ಜೊತೆಯಲ್ಲೇ ಹೋಗುತ್ತಿದ್ದೆವು. ಅವಳು ಎಡಕ್ಕೆ ತಿರುಗಿದಳೋ ಇಲ್ಲವೋ, "ಗಿಲಕಿ ಆಂಟಿ ಬಂದ್ರು!" ಎಂದು ಮಕ್ಕಳು ಓಡಿ ಬಂದು ಅವಳ ಕಾಲು ತಬ್ಬಿಕೊಳ್ಳುತ್ತಿದ್ದವು. ನಾನು ಬಲಕ್ಕೆ ತಿರುಗಿದರೆ ನನ್ನ ಮಕ್ಕಳು ತಾಯಂದಿರ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದವು. ತಣ್ಣನೆಯ ತಕ್ಕಡಿಯನ್ನು ಯಾವ ಮಗು ತಾನೇ ಇಷ್ಟಪಡುತ್ತದೆ? "ಊಟ ಮಾಡ್ದೆ ಇದ್ರೆ ಟೇಪಕ್ಕನ್ನ ಕರೀತೀನಿ ನೋಡು" ಎಂದು ಒಬ್ಬ ತಾಯಿ ಮಗುವನ್ನು ಹೆದರಿಸಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಹದಿನೆಂಟು ವರ್ಷ ದುಡಿದು ಗುಮ್ಮನಾದೆ.

ಮನೆಯಲ್ಲೂ ಅದೇ ಪಾಡು. ಊಟದ ಹೊತ್ತಿಗೆ ಅವಳ ಓಣಿಯ ಕತೆಗಳೇ. ಯಾವ ಮಗು ಮೊದಲ ಸಲ ನಾಲ್ಕು ಬಿಲ್ಲೆ ಪೇರಿಸಿತು, ಯಾವುದು ಕನ್ನಡಿಯಲ್ಲಿ ತನ್ನನ್ನೇ ನೋಡಿ ಮುತ್ತು ಕೊಟ್ಟಿತು. ನನ್ನ ಗಂಡ ಕೂಡ, ಸುಲಭಕ್ಕೆ ನಗದ ಮನುಷ್ಯ, ಅನ್ನ ಕಲಸುತ್ತ ನಗುತ್ತಿದ್ದರು. ನಾನು ಏನು ಹೇಳಲಿ? ಇವತ್ತು ಒಂದು ಮಗು ಇನ್ನೂರು ಗ್ರಾಂ ಜಾಸ್ತಿಯಾಗಿದೆ ಎನ್ನಲೇ? ಊರು ಬಿಟ್ಟು ಓದಲು ಹೋಗಿರುವ ನನ್ನ ಸ್ವಂತ ಮಗಳು ಫೋನು ಮಾಡಿದರೆ ಎರಡು ಮಾತು ನನ್ನ ಜೊತೆ ಆಡಿ, "ಚಿಕ್ಕಮ್ಮ ಇದ್ದಾರಾ? ಕೊಡಮ್ಮ" ಎನ್ನುತ್ತಿದ್ದಳು. ಫೋನು ಕೊಟ್ಟು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ನನ್ನ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಆಟದ ಪಾಠವನ್ನು ಅವಳು ಮಹಡಿಯ ಮೇಲಿನ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನಿಯಮ ನಿಯಮವೇ, ನನ್ನೆದುರು ಚೀಲವನ್ನೂ ಬಿಚ್ಚುತ್ತಿರಲಿಲ್ಲ. ಆದರೆ ಅಭ್ಯಾಸಕ್ಕೆ ಒಂದು ಮಗು ಬೇಕಲ್ಲ? ಆ ಮಗು ನಮ್ಮತ್ತೆ. ಎಪ್ಪತ್ತೆರಡು ವರ್ಷದ ಮುದುಕಿ ಕಾಲು ಚಾಚಿ ನೆಲದ ಮೇಲೆ ಕೂತು, ಸೊಸೆ ಕೊಟ್ಟ ಬಿಲ್ಲೆಯನ್ನು ಬಾಯಿಗೆ ಹಾಕಿಕೊಳ್ಳುವಂತೆ ನಟಿಸುತ್ತಿದ್ದರು. ಮುಗಿಸಿ ಕೆಳಗಿಳಿದು ಬಂದು, ನಾನು ತರಕಾರಿ ಹೆಚ್ಚುತ್ತಿದ್ದರೆ ಪಕ್ಕದಲ್ಲಿ ಕೂತು ಹೇಳುತ್ತಿದ್ದರು.

"ಇವತ್ತು ನಾನು ಹದಿನಾಲ್ಕು ತಿಂಗಳು ಕಣೇ."

"ಹೋದ ವಾರ ಹತ್ತು ಅಂದ್ರಲ್ಲ ಅತ್ತೆ?"

"ಬೇಗ ಬೆಳೀತಿದೀನಿ. ಇವತ್ತು ಮುಚ್ಚಿಡೋ ಆಟ. ಬಿಲ್ಲೇನ ಬಟ್ಟೆ ಕೆಳಗೆ ಬಚ್ಚಿಟ್ಟು, ಎಲ್ಲೋಯ್ತು ಅಂತ ಕೇಳ್ಬೇಕು. ಮಗು ಹುಡುಕೋವರೆಗೂ ಕಾಯ್ಬೇಕಂತೆ. ನಾವೇ ತೆಗೆದುಕೊಡಬಾರದು. ಅದೇನು ಮಾಡಿದ್ರೂ ಅದನ್ನ ಬಾಯಲ್ಲಿ ಹೇಳ್ತಾ ಇರ್ಬೇಕು. ಬಟ್ಟೆ ಎತ್ತಿದೆಯಾ, ಸಿಕ್ತಾ, ಹೀಗೆ. ನಾನು ಮೂರು ಮಕ್ಕಳನ್ನ ಹೆತ್ತೆ, ಒಂದಕ್ಕೂ ಹೀಗೆಲ್ಲ ಕೇಳ್ಲಿಲ್ಲ ನೋಡು."

ಬೇಡ, ನಾನು ಕೇಳಬಾರದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕೈ ತರಕಾರಿಯ ಮೇಲೆ, ಕಿವಿ ಅತ್ತೆಯ ಮೇಲೆ. ವಾರಕ್ಕೆರಡು ದಿನ ಅವರ ಬಾಯಿಂದ ಪಾಠ ಕೇಳುತ್ತ ಹೋದೆ.

ನನ್ನ ಓಣಿಯ ಕೊನೆಯಲ್ಲಿ ಒಂದು ಇಸ್ತ್ರಿ ಅಂಗಡಿ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಮೇಜು, ಇಸ್ತ್ರಿಪೆಟ್ಟಿಗೆ, ಗೋಡೆಯುದ್ದಕ್ಕೂ ಗಂಟುಗಳು. ಆ ಇಸ್ತ್ರಿಯವಳ ಮಗನಿಗೆ ಆಗ ಹದಿನಾಲ್ಕು ತಿಂಗಳು. ಬಿಸಿ ಇಸ್ತ್ರಿಪೆಟ್ಟಿಗೆಯ ಹತ್ತಿರ ಬರಬಾರದೆಂದು ಅವನನ್ನು ಗಂಟುಗಳ ನಡುವೆ ಕೂರಿಸಿರುತ್ತಿದ್ದಳು. ತೂಕ ಸರಿಯಿತ್ತು, ಎತ್ತರ ಸರಿಯಿತ್ತು, ನನ್ನ ಪುಸ್ತಕದ ಪ್ರಕಾರ ಅವನಿಗೆ ಏನೂ ಆಗಿರಲಿಲ್ಲ. ಆದರೆ ಅವನು ಒಂದು ಶಬ್ದವನ್ನೂ ಮಾಡುತ್ತಿರಲಿಲ್ಲ. ಏನನ್ನೂ ಮುಟ್ಟುತ್ತಿರಲಿಲ್ಲ.

ಆ ಮಗುವನ್ನು ನೋಡಿ ಕರುಳು ಚುರುಕ್ ಎಂದಿತು, ಅದಕ್ಕೇ ನಿಯಮ ಮುರಿದೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ಅವತ್ತು ಬೆಳಿಗ್ಗೆ ತಿರುವಿನಲ್ಲಿ ಏಳೆಂಟು ಮಕ್ಕಳು ವಾರಗಿತ್ತಿಯನ್ನು ಎಳೆದುಕೊಂಡು ಹೋಗಿದ್ದವು. ಅವಳು ತಿರುಗಿ ನನ್ನತ್ತ ನೋಡಿ, ಪಾಪ, ನಾಚಿಕೊಂಡೇ ನಕ್ಕಿದ್ದಳು. ಆ ನಗು ಮೈಯೆಲ್ಲ ಉರಿಸಿತು. ಅದೇ ಉರಿಯಲ್ಲಿ ಇಸ್ತ್ರಿಯವಳ ಮನೆಗೆ ಹೋದವಳು ತೂಕ ನೋಡಿ ಏಳುವ ಬದಲು ಕೂತೆ. ಅವಳ ಅಡುಗೆಮನೆಯಿಂದ ಒಂದು ಪಾತ್ರೆ, ಒಂದು ಮುಚ್ಚಳ, ಒಂದು ಚಮಚ ಕೇಳಿ ತೆಗೆದುಕೊಂಡೆ. ನನಗೇನು ಬರುವುದಿಲ್ಲವೇ? ಅವಳಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ. ನನ್ನ ತಲೆಯಲ್ಲಿ ಇದ್ದದ್ದು ಇದಿಷ್ಟೇ.

ಮೊದಲ ತಿಂಗಳು ಅವನು ನನ್ನನ್ನು ಕಲ್ಲಿನಂತೆ ನೋಡಿದ. ಎರಡನೆಯ ತಿಂಗಳು ಮುಚ್ಚಳ ಎತ್ತಿಕೊಂಡ. ಅದನ್ನು ಪಾತ್ರೆಗೆ ಬಡಿದು, ಸದ್ದಿಗೆ ತಾನೇ ಬೆಚ್ಚಿ, ಮತ್ತೆ ಬಡಿದ. ಇಸ್ತ್ರಿಯವಳು ಕೈಯಲ್ಲಿದ್ದ ಅಂಗಿಯನ್ನು ಹಾಗೇ ಬಿಟ್ಟಳು, ಅದು ಸ್ವಲ್ಪ ಸುಟ್ಟಿತು. ಮೂರು ತಿಂಗಳಾಗುವಷ್ಟರಲ್ಲಿ "ಎಲ್ಲೋಯ್ತು" ಎಂದು ಅವನೇ ಕೇಳುತ್ತಿದ್ದ.

ಒಂದು ಮನೆ ಆದ ಮೇಲೆ ಇನ್ನೊಂದು. ಅಳತೆ ಹತ್ತು ನಿಮಿಷ, ಆಟ ಮುಕ್ಕಾಲು ಗಂಟೆ. ನನ್ನ ಬಳಿ ಚೀಲವಿರಲಿಲ್ಲ, ಆದ್ದರಿಂದ ಆಯಾ ಮನೆಯಲ್ಲಿ ಸಿಕ್ಕಿದ್ದೇ ಆಟಿಕೆ. ಹಳೆಯ ಕಾಲುಚೀಲ, ಗುಂಡಿಯ ಡಬ್ಬಿ, ಬಟ್ಟೆ ಕ್ಲಿಪ್ಪು. ವರದಿಯಲ್ಲಿ ಮಾತ್ರ ಅಳತೆಯನ್ನಷ್ಟೇ ಬರೆಯುತ್ತಿದ್ದೆ. ತಾಯಂದಿರಿಗೆ, "ಯಾರಿಗೂ ಹೇಳ್ಬೇಡಿ, ಹೇಳಿದ್ರೆ ನನ್ನನ್ನ ಬೇರೆ ಕಡೆ ಹಾಕ್ತಾರೆ" ಎಂದಿದ್ದೆ. ನಲವತ್ತೊಂದು ಮನೆಯ ಹೆಂಗಸರು ಎರಡು ವರ್ಷ ಒಂದು ಗುಟ್ಟನ್ನು ಕಾಪಾಡಿದರು. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರು ನಮ್ಮ ಓಣಿಗೆ ಬಂದು ನೋಡಬೇಕು. ಈಗ ನಾನು ತಿರುವಿಗೆ ಬಂದರೆ ಮಕ್ಕಳು ನನ್ನ ಕಡೆಗೂ ಓಡಿ ಬರುತ್ತಿದ್ದವು. ವಾರಗಿತ್ತಿ ನೋಡಲಿ ಎಂದು ಬೇಕೆಂದೇ ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದೆ.

"ನಿಮ್ಮ ಮಕ್ಕಳೂ ಎಷ್ಟು ಚುರುಕಾಗಿವೆ ಅಕ್ಕಾ!" ಎಂದಳು ಒಂದು ದಿನ.

"ಬರೀ ಅಳತೆಗೇ ಹೀಗೆ," ಎಂದೆ.

ಎರಡು ವರ್ಷ ಮುಗಿಯಿತು. ಹೊರಗಿನಿಂದ ಪರೀಕ್ಷೆಯವರು ಬಂದು, ಯಾವ ಓಣಿ ಯಾವುದೆಂದು ತಿಳಿಯದೆಯೇ ಪ್ರತಿ ಮಗುವಿನ ಮಾತು, ಬುದ್ಧಿ ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಹಾಕಿಕೊಂಡು ಹೋದರು. ಒಂದು ತಿಂಗಳಾದ ಮೇಲೆ ಇಲಾಖೆಯ ಸಭಾಂಗಣದಲ್ಲಿ ಸಭೆ. ನಿರ್ದೇಶಕರು ನಡುವೆ ಕೂತಿದ್ದರು. ಮೇಡಂ ಪರದೆಯ ಮೇಲೆ ಆರು ಕಂಬಗಳ ಚಿತ್ರ ತೋರಿಸಿದರು. ಓಣಿಯ ಹೆಸರಿರಲಿಲ್ಲ, ಮೂರು ಕಂಬ ಆಟದವು, ಮೂರು ಅಳತೆಯವು. ಅಳತೆಯ ಮೂರರಲ್ಲಿ ಒಂದು ಎಲ್ಲಕ್ಕಿಂತ ಎತ್ತರಕ್ಕೆ ನಿಂತಿತ್ತು. ಅದು ನನ್ನದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಚಪ್ಪಾಳೆಗೆ ಕಾದೆ.

ಚಪ್ಪಾಳೆ ಬರಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಒಟ್ಟು ಸರಾಸರಿ ತೆಗೆದ್ರೆ ಆಟದ ಓಣಿಗಳಿಗೂ ಅಳತೆಯ ಓಣಿಗಳಿಗೂ ವ್ಯತ್ಯಾಸ ಕಾಣ್ತಿಲ್ಲ ಸರ್. ಈ ಒಂದು ಓಣಿ ಯಾಕೆ ಇಷ್ಟು ಮುಂದಿದೆ ಅಂತ ನನಗೆ ಅರ್ಥ ಆಗ್ತಿಲ್ಲ."

"ಅದನ್ನ ಬಿಟ್ಟು ಲೆಕ್ಕ ಹಾಕಿ ಮೇಡಂ," ಎಂದರು ನಮ್ಮ ಮೇಲ್ವಿಚಾರಕಿ.

"ಕಾರಣ ಇಲ್ದೆ ಬಿಟ್ರೆ ಅದು ಸಂಶೋಧನೆ ಅಲ್ಲ, ಅಡುಗೆ. ರುಚಿ ನೋಡ್ಕೊಂಡು ಉಪ್ಪು ಹಾಕಿದ ಹಾಗೆ."

ನಿರ್ದೇಶಕರು ನಕ್ಕರು. "ಅಂದ್ರೆ, ಏನೂ ಮಾಡದ ಓಣಿ ಎಲ್ಲರಿಗಿಂತ ಮುಂದೆ ಬಂತು! ಹಾಗಾದ್ರೆ ಏನೂ ಮಾಡದೆ ಇರೋದೇ ಒಳ್ಳೇ ಯೋಜನೆ ಅಂತಾಯ್ತಲ್ಲ. ಅದಕ್ಕೆ ಅನುದಾನ ಬೇಡ, ಏನೂ ಬೇಡ." ಸಭೆಯೆಲ್ಲ ನಕ್ಕಿತು. ಶುಕ್ರವಾರ ಕಡತ ಮೇಲಕ್ಕೆ ಹೋಗುತ್ತದೆ, ಆಟದ ಯೋಜನೆ ಇಲ್ಲಿಗೆ ನಿಲ್ಲುತ್ತದೆ, ಚೀಲಗಳನ್ನು ಉಗ್ರಾಣಕ್ಕೆ ವಾಪಸು ಕೊಡಬೇಕು, ಅದರ ತಾತ್ಕಾಲಿಕ ಕಾರ್ಯಕರ್ತೆಯರಿಗೆ ತಿಂಗಳ ಕೊನೆಗೆ ಬಿಡುಗಡೆ ಎಂದು ತೀರ್ಮಾನವಾಯಿತು. ಅಳತೆಯ ಕೆಲಸ ಖಾಯಂ, ಅದಕ್ಕೇನೂ ತೊಂದರೆಯಿಲ್ಲ.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ವಾರಗಿತ್ತಿಯ ಕಂಬ ನನ್ನದಕ್ಕಿಂತ ಗಿಡ್ಡ. ಅವಳ ಹಳದಿ ಚೀಲ ಉಗ್ರಾಣಕ್ಕೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಎತ್ತರದ ಕಂಬವನ್ನು ಮತ್ತೆ ಮತ್ತೆ ಕಣ್ಣೆದುರು ತಂದುಕೊಂಡೆ. ಆದರೆ ಒಂದು ಮುಳ್ಳು ಮಾತ್ರ ಚುಚ್ಚುತ್ತಲೇ ಇತ್ತು. ಏನೂ ಮಾಡದ ಓಣಿ! ನಾನೇ? ಎರಡು ವರ್ಷ ಮಂಡಿ ನೋವೆಂದರೂ ಬಿಡದೆ ನೆಲದ ಮೇಲೆ ಕೂತವಳು ನಾನು. ಗೆದ್ದದ್ದು ನಾನು, ಹೆಸರು ಬಂದದ್ದು ಸೋಮಾರಿತನಕ್ಕೆ.

ಮರುದಿನ ಸಂಜೆ ವಾರಗಿತ್ತಿ ಊಟದ ಮೇಜಿನ ಮೇಲೆ ಚೀಲ ಬಿಚ್ಚಿ, ವಾಪಸು ಕೊಡಲು ಒಂದೊಂದನ್ನೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಈಗ ನಿಯಮವಿಲ್ಲವಲ್ಲ, ನನ್ನೆದುರೇ ಬಿಚ್ಚಿದ್ದಳು. ಕಣ್ಣು ಊದಿಕೊಂಡಿದ್ದವು.

"ನೀವೇ ಸರಿ ಅಕ್ಕಾ," ಎಂದಳು. "ನಾನು ಎರಡು ವರ್ಷ ಬರೀ ನಾಟಕ ಆಡಿದೆ. ಮಕ್ಕಳು ತಾವಾಗೇ ಬೆಳೀತಿದ್ವು, ನಾನು ನನ್ನಿಂದ ಅಂದ್ಕೊಂಡೆ. ನೀವು ಸುಮ್ನೆ ತೂಕ ನೋಡಿದ್ರಿ, ನಿಮ್ಮ ಮಕ್ಕಳೇ ಮುಂದೆ ಬಂದ್ವು. ಆ ಕಂಬ ನಿಮ್ಮದೇ ಅಲ್ವಾ? ನನಗೆ ಗೊತ್ತಾಯ್ತು. ಅನುಭವ ಅಂದ್ರೆ ಅನುಭವಾನೇ."

ಎರಡು ವರ್ಷ ಇದೇ ಮಾತನ್ನು ಅವಳ ಬಾಯಿಂದ ಕೇಳಬೇಕೆಂದು ಒದ್ದಾಡಿದ್ದೆ. ಈಗ ಕೇಳಿದೆ. ಆದರೆ ಅದರಲ್ಲಿ ಒಂದಕ್ಷರವೂ ನಿಜವಿರಲಿಲ್ಲ. ಅವಳ ಆಟ ನಾಟಕವಾಗಿರಲಿಲ್ಲ. ಅದೇ ಆಟದಿಂದ ನನ್ನ ಮಕ್ಕಳು ಮೇಲೆ ಬಂದಿದ್ದವು. ನನ್ನ ಓಣಿಯ ಹೆಂಗಸರನ್ನು ಬಿಟ್ಟರೆ ಅದು ಗೊತ್ತಿದ್ದವಳು ನಾನೊಬ್ಬಳೇ, ಮತ್ತೆ ನಾನು ಬಾಯಿ ಮುಚ್ಚಿಕೊಂಡು ಹೀರೇಕಾಯಿ ಹೆರೆಯುತ್ತಿದ್ದೆ.

ಅತ್ತೆ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು. "ನಾನು ಹೇಳಿದ್ದನ್ನೆಲ್ಲ ನೀನು ನಿನ್ನ ಓಣೀಲಿ ಮಾಡ್ದೆ ಅಲ್ವೇನೇ?"

ನಾನು ಹೀರೇಕಾಯಿ ಹೆಚ್ಚತೊಡಗಿದೆ.

"ಎರಡು ಜಡೆ ಸೇರಲ್ಲ ಅಂತ ಸುಮ್ನೆ ಹೇಳಿಲ್ಲ ಹಿರೀಕರು," ಎಂದರು ಅತ್ತೆ. "ಮಧ್ಯದಲ್ಲಿ ನಾನೊಬ್ಬಳು ಮುದಿಮಗು."

ಬುಧವಾರ ಓಣಿಗೆ ಹೋದೆ. ಇಸ್ತ್ರಿಯವಳ ತೊಡೆಯ ಮೇಲೆ ಎರಡನೆಯ ಮಗು, ಹುಟ್ಟಿ ಎರಡು ತಿಂಗಳು. ಮೂರು ವರ್ಷದ ದೊಡ್ಡವನು ಅದರ ಮುಂದೆ ಮುಚ್ಚಳ ಅಲ್ಲಾಡಿಸುತ್ತ ಎಡೆಬಿಡದೆ ಮಾತಾಡುತ್ತಿದ್ದ.

"ಪರೀಕ್ಷೆ ಮುಗೀತಲ್ಲ ಟೇಪಕ್ಕ," ಎಂದಳು ಅವಳು. "ಇನ್ನು ಮೇಲೆ ನಮ್ಮ ಓಣೀಲೂ ಕದ್ದುಮುಚ್ಚಿ ಬೇಡ, ರಾಜಾರೋಷವಾಗೇ ಆಡಿಸಬಹುದು ಅಂದಿದ್ರಿ. ಯಾವತ್ತಿಂದ?"

ನಾನು ಟೇಪು ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದೆ. ಯೋಜನೆ ಎಲ್ಲ ಓಣಿಗಳಿಗೂ ಬರಬೇಕಿತ್ತು. ಬರದಂತೆ ಮಾಡಿದವಳು ನಾನು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ. ನಾನು ಕದ್ದು ಆಡಿಸಿದ್ದು ನನ್ನ ನಲವತ್ತೊಂದು ಮಕ್ಕಳಿಗೆ ಒಳ್ಳೆಯದಾಯಿತು, ಇನ್ನು ಹುಟ್ಟುವ ಮಕ್ಕಳಿಗೆಲ್ಲ ಮುಳುವಾಯಿತು.

ಗುರುವಾರ ಬೆಳಿಗ್ಗೆ ಮೇಡಂ ಕೋಣೆಯ ಮುಂದೆ ನಿಂತಿದ್ದೆ. ಎಲ್ಲವನ್ನೂ ಹೇಳಿದೆ. ಒಳ್ಳೆಯ ಮನಸ್ಸಿನಿಂದ ಬಂದಿದ್ದೇನೆ ಎಂದುಕೊಳ್ಳಬೇಡಿ, ಆ "ಏನೂ ಮಾಡದ" ಎಂಬ ಮಾತೂ ನನ್ನನ್ನು ಅರ್ಧ ದಾರಿ ತಳ್ಳಿಕೊಂಡು ಬಂದಿತ್ತು. ಮೇಡಂ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ಎರಡು ವರ್ಷ," ಎಂದರು. "ಎರಡು ವರ್ಷದ ಕೆಲಸ ಅಮ್ಮಾ. ಇನ್ನೂರೈವತ್ತು ಮಕ್ಕಳು. ಎಲ್ಲಿ ಕಲಿತ್ರಿ ಇದನ್ನೆಲ್ಲ? ಯಾರು ಹೇಳ್ಕೊಟ್ರು?"

"ನಮ್ಮತ್ತೆ."

"ಅವರಿಗೆ ಯಾರು?"

"ನನ್ನ ವಾರಗಿತ್ತಿ ಬಾಗಿಲು ಹಾಕ್ಕೊಂಡು ಅಭ್ಯಾಸ ಮಾಡ್ತಿದ್ಲು. ಅವಳ ತಪ್ಪಿಲ್ಲ. ಅತ್ತೆಯೇ ಮಗು ಆಗ್ತಿದ್ರು. ಕೆಳಗೆ ಬಂದು ನನಗೆ ಹೇಳ್ತಿದ್ರು."

ಮೇಡಂ ಕೈಯಿಂದ ಹಣೆ ಚಚ್ಚಿಕೊಂಡರು, ಅಲ್ಲಿದ್ದ ಕನ್ನಡಕ ಕೆಳಗೆ ಬಿತ್ತು. "ನೀವಿಬ್ಬರೂ ಒಂದೇ ಮನೆಯವರಾ? ಒಬ್ಬರು ಆಟ, ಒಬ್ಬರು ಅಳತೆ, ಒಂದೇ ಸೂರಿನ ಕೆಳಗೆ? ನನಗೆ ಯಾಕೆ ಯಾರೂ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಫಾರಂನಲ್ಲಿ ಓದು ಎಷ್ಟು, ವಯಸ್ಸು ಎಷ್ಟು, ಓಣಿ ಯಾವುದು ಅಂತ ಇತ್ತು. ಅತ್ತೆ ಯಾರು ಅಂತ ಇರ್ಲಿಲ್ಲ."

ಅವರಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಬಿದ್ದ ಕನ್ನಡಕ ಎತ್ತಿ ಹಾಕಿಕೊಂಡರು. ಆಮೇಲೆ ಒಂದು ಬಿಳಿಯ ಹಾಳೆ ನನ್ನ ಮುಂದೆ ತಳ್ಳಿದರು. ಈಗ ಕಾರಣ ಸಿಕ್ಕಿದೆ, ನನ್ನ ಓಣಿಯನ್ನು ಲೆಕ್ಕದಿಂದ ತೆಗೆಯಬಹುದು. ಆದರೆ ಬಾಯಿಮಾತಿಗೆ ನಿರ್ದೇಶಕರು ಒಪ್ಪುವುದಿಲ್ಲ, ನನ್ನ ಕೈಬರಹದಲ್ಲಿ, ನನ್ನ ಸಹಿಯೊಂದಿಗೆ ಬೇಕು. ಬರೆದರೆ ಮುಚ್ಚಳಿಕೆಯ ಪ್ರಕಾರ ನನ್ನ ಕೆಲಸ ಹೋಗುತ್ತದೆ, ಅದನ್ನು ತಪ್ಪಿಸಲು ಅವರಿಂದ ಆಗುವುದಿಲ್ಲ.

ಬರೆದೆ. ಬರೆಯುತ್ತ ಬರೆಯುತ್ತ ಒಂದು ಜಾಗದಲ್ಲಿ ಪೆನ್ನು ನಿಂತಿತು. ಆಟದಿಂದಲೇ ಮಕ್ಕಳು ಬೆಳೆದವೆಂದು ಹೇಳಬೇಕಾದರೆ, ಆ ಆಟ ಯಾರದೆಂದು ಹೇಳಲೇಬೇಕು. "ನನ್ನ ವಾರಗಿತ್ತಿ ಕಲಿತುಕೊಂಡ ರೀತಿ ಎಷ್ಟು ಚೆನ್ನಾಗಿತ್ತೆಂದರೆ, ಎರಡು ಬಾಯಿ ದಾಟಿ ನನ್ನ ಕಿವಿಗೆ ಬಿದ್ದರೂ ಅದು ಕೆಡಲಿಲ್ಲ" ಎಂದು ಬರೆದೆ. ಆ ಒಂದು ಸಾಲು ಬರೆಯಲು ಹಿಡಿದಷ್ಟು ಹೊತ್ತು ಇಡೀ ಪತ್ರಕ್ಕೆ ಹಿಡಿಯಲಿಲ್ಲ. ಬರೆಯುವಾಗಲೂ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

"ಮೇಡಂ, ತೆಗೆಯೋ ಮೊದಲು ಒಂದು ಸಲ ಅಂಕಿ ತೋರಿಸ್ತೀರಾ?" ಎಂದು ಕೇಳಿದೆ.

ತೋರಿಸಿದರು. ವಾರಗಿತ್ತಿಯ ಓಣಿ ಅರವತ್ತನಾಲ್ಕು. ನನ್ನದು ಎಪ್ಪತ್ತೊಂದು. ಉಳಿದವರೆಲ್ಲ ಅದಕ್ಕಿಂತ ಕೆಳಗೆ. ಕಣ್ತುಂಬ ನೋಡಿದೆ. ಆಮೇಲೆ ಅವರು ಗುಂಡಿ ಒತ್ತಿದರು, ನನ್ನ ಸಾಲು ಹೋಯಿತು. ಆಟದ ಓಣಿಗಳು ಅಳತೆಯ ಓಣಿಗಳಿಗಿಂತ ಐದು ಅಂಕ ಮೇಲೆ ಬಂದವು. ಅರವತ್ತನಾಲ್ಕು ಎಲ್ಲರಿಗಿಂತ ಮೊದಲಿತ್ತು.

ಅವತ್ತು ಸಂಜೆಯೇ ವಾರಗಿತ್ತಿಗೆ ಹೇಳಿದೆ, ಬೇರೆ ಯಾರ ಬಾಯಿಂದಲೂ ಕೇಳಬಾರದೆಂದು. ನಿಮ್ಮ ಕೆಲಸ ಹೋಯಿತೆ ಎಂದು ಕೂಗಾಡುತ್ತಾಳೆ, ಅಳುತ್ತಾಳೆ, ಇಲ್ಲವೇ ಎರಡು ವರ್ಷ ಮೋಸ ಮಾಡಿದಿರಲ್ಲ ಎಂದು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅದಾವುದನ್ನೂ ಮಾಡಲಿಲ್ಲ.

"ಎಷ್ಟು?" ಎಂದಳು.

"ಏನು ಎಷ್ಟು?"

"ನನ್ನ ಮಕ್ಕಳಿಗಿಂತ ನಿಮ್ಮ ಮಕ್ಕಳು ಎಷ್ಟು ಮುಂದಿದ್ರು?"

ಅವಳ ಮುಖ ನೋಡಿದೆ. ಮೂಗಿನ ಹೊಳ್ಳೆ ಬಿಗಿದಿತ್ತು, ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷ ದಿನಾ ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯಲ್ಲಿ ನೋಡಿದ್ದೇನೆ. ಒಂದೋ ಎರಡೋ ಎಂದು ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು.

"ಏಳು," ಎಂದೆ.

ಅವಳು ಎದ್ದು ಮಹಡಿಗೆ ಹೋದಳು. ಹದಿನೈದು ದಿನ ನಮ್ಮಿಬ್ಬರ ನಡುವೆ ಉಪ್ಪು ಕೊಡು, ನೀರು ಬಂತು ಎಂಬಷ್ಟೇ ಮಾತು.

ಎರಡು ತಿಂಗಳಾದ ಮೇಲೆ ಆದೇಶ ಬಂತು. ಆಟದ ಯೋಜನೆ ಎಲ್ಲ ಓಣಿಗಳಿಗೂ. ವಾರಗಿತ್ತಿಯ ಕೆಲಸ ಖಾಯಂ, ಹೊಸಬರು ಬರುವವರೆಗೆ ನನ್ನ ಓಣಿಯೂ ಅವಳಿಗೇ. ಮೇಡಂ ವರದಿಯಲ್ಲಿ ಓಣಿಗಳು ಐದು. ಆರನೆಯದರ ಬಗ್ಗೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು.

ಅವಳು ನನ್ನ ಓಣಿಗೆ ಹೋಗುವ ಹಿಂದಿನ ಸಂಜೆ ನೋಟುಬುಕ್ಕು ಹಿಡಿದು ನನ್ನ ಮುಂದೆ ಕೂತಳು. ಮುಖ ಇನ್ನೂ ಗಂಟು.

"ಹೇಳಿ ಅಕ್ಕಾ. ಒಂದೊಂದು ಮನೇದೂ ಹೇಳಿ. ಏನು ಮಾಡ್ತಿದ್ರಿ?"

ಹೇಳಿದೆ. ಯಾವ ಮಗುವಿಗೆ ಗುಂಡಿಯ ಡಬ್ಬಿ ಇಷ್ಟ, ಯಾವ ತಾಯಿಗೆ ನಾಚಿಕೆ, ಯಾವ ಮನೆಯಲ್ಲಿ ಅಜ್ಜನನ್ನು ಮೊದಲು ಮಾತಾಡಿಸಬೇಕು. ನಲವತ್ತೊಂದು ಮನೆ, ಅವಳು ಹದಿನಾಲ್ಕು ಪುಟ ಬರೆದಳು. ಇಸ್ತ್ರಿಯವಳ ಮನೆಯ ಸರದಿ ಬಂದಾಗ ಪಾತ್ರೆ, ಮುಚ್ಚಳ ಎಂದಷ್ಟೇ ಹೇಳಿದೆ. ಆ ಕಲ್ಲಿನಂಥ ಹುಡುಗ ಎರಡನೆಯ ತಿಂಗಳಲ್ಲಿ ಹೇಗೆ ಮುಚ್ಚಳ ಎತ್ತಿಕೊಂಡ ಎಂಬುದನ್ನು ಹೇಳಲಿಲ್ಲ. ಅದನ್ನು ಅತ್ತೆ ಹೇಳಿಕೊಟ್ಟಿರಲಿಲ್ಲ, ವಾರಗಿತ್ತಿಯ ಪಾಠದಲ್ಲೂ ಇರಲಿಲ್ಲ. ಅದು ನಾನೇ ಕಂಡುಕೊಂಡದ್ದು. ಎಲ್ಲವನ್ನೂ ಕೊಟ್ಟಿದ್ದೇನೆ, ಇದೊಂದು ನನ್ನದಾಗಿರಲಿ ಎಂದುಕೊಂಡೆ.

ಬೆಳಿಗ್ಗೆ ಅವಳು ಹಳದಿ ಚೀಲ ಹೆಗಲಿಗೇರಿಸಿ ಹೊರಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಎರಡನೆಯ ಮಗು ಈಗ ನಾಲ್ಕು ತಿಂಗಳು, ಅದೂ ಗಂಟುಗಳ ನಡುವೆಯೇ ಮಲಗಿರುತ್ತದೆ. ಅವಳು ತಿರುವು ಮುಟ್ಟಿದ್ದಳು. ಮನೆಯ ಚಪ್ಪಲಿಯಲ್ಲೇ ಓಡಿದೆ.

"ಏ, ನಿಲ್ಲೇ!"

ನಿಂತಳು. ನನಗೆ ಏದುಸಿರು.

"ಇಸ್ತ್ರಿಯವಳ ಮಕ್ಕಳಿಗೆ ಹುಟ್ಟಿದಾಗಿಂದ ಮುಟ್ಟಬೇಡ, ಮುಟ್ಟಬೇಡ ಅಂತ ಹೇಳೇ ಅಭ್ಯಾಸ. ನಾವು ನೋಡ್ತಿದ್ರೆ ಕೈ ಚಾಚಲ್ಲ. ಏನನ್ನೂ ಕೈಗೆ ಕೊಡಬೇಡ. ನೆಲದ ಮೇಲಿಟ್ಟು ನೀನು ಬೇರೆ ಕಡೆ ತಿರುಗಿ ಕೂತ್ಕೋ. ಎಷ್ಟೇ ಹೊತ್ತಾದ್ರೂ ತಿರುಗಿ ನೋಡಬೇಡ. ಸದ್ದು ಕೇಳಿದ ಮೇಲೆ ತಿರುಗು."

ಅವಳು ಬೀದಿಯಲ್ಲೇ ನೋಟುಬುಕ್ಕು ತೆಗೆದು ಬರೆದುಕೊಂಡಳು. ತಲೆಯೆತ್ತದೆ ಕೇಳಿದಳು, "ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು," ಎಂದೆ.

"ನನಗೂ," ಎಂದು ಅವಳು ಬಲಕ್ಕೆ ತಿರುಗಿ ನನ್ನ ಓಣಿಯೊಳಗೆ ಹೋದಳು.